ನೆಲ ಡೊಂಕು ಎಂದವಳ ಪರವಾಗಿ

'ಕುಣಿಯಲಾರದವಳು ನೆಲ ಡೊಂಕು ಎಂದಳಂತೆ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ತನ್ನ ಕೈಲಾಗದ್ದಕ್ಕೆ ಬೇರೆಯದರ ಮೇಲೆ ತಪ್ಪು ಹೊರಿಸುವವರನ್ನು ಹಂಗಿಸಲು ಹಿರಿಯರು ಕಂಡುಕೊಂಡ ಮಾತು ಇದು. ಆದರೆ ಆಕೆ ಕುಣಿಯಹೋದ ನೆಲ ಹೇಗಿತ್ತೆಂದು ಯಾರೂ ಹೋಗಿ ನೋಡಿಬಂದಂತಿಲ್ಲ. ಕಳೆದ ಕಾಲು ಶತಮಾನದಿಂದ ಜಗತ್ತಿನಲ್ಲಿ ಒಂದು ಬಗೆಯ ಕುಣಿತ ನಡೆದುಬಂದಿದೆ. ಅಲ್ಲಿ ಸೋತವರು ಮೊದಲು ತಮ್ಮ ಕಾಲನ್ನೂ ಆಮೇಲೆ ನೆಲವನ್ನೂ ಪರೀಕ್ಷಿಸುವುದು ವಾಡಿಕೆ. ಎಷ್ಟೋ ಸಲ ನೆಲ ನಿಜಕ್ಕೂ ಡೊಂಕಾಗಿಯೇ ಇರುತ್ತದೆ!

ಇದು 'ಡಾನ್ಸ್ ಡಾನ್ಸ್ ರೆವಲ್ಯೂಷನ್' ಎಂಬ ಜಪಾನಿ ವಿಡಿಯೊ ಗೇಮಿನ ಮತ್ತು ಅದರ ಹಿಂದೆ ಬಂದ ಅದೇ ಜಾತಿಯ ಆಟಗಳ ಕಥೆ.

ಆಟದ ನಿಯಮ ಸರಳ. ಎದುರಿಗೆ ಪರದೆ, ಕಾಲಡಿಯಲ್ಲಿ ಒಂಬತ್ತು ಚೌಕಗಳ ಹಲಗೆ. ನೋಡಿದರೆ ಕುಂಟಬಿಲ್ಲೆಯ ಮನೆಗಳ ನೆನಪಾಗುತ್ತದೆ. ಎಡ, ಬಲ, ಮುಂದೆ, ಹಿಂದೆ ಇರುವ ನಾಲ್ಕು ಚೌಕಗಳಿಗೆ ಮಾತ್ರ ಬಾಣದ ಗುರುತು. ಯಂತ್ರಕ್ಕೆ ತಿಳಿಯುವುದು ಅವುಗಳ ಮೇಲಿನ ತುಳಿತ ಮಾತ್ರ. ಹಾಡು ಶುರುವಾದೊಡನೆ ಪರದೆಯ ಕೆಳಗಿನಿಂದ ಬಾಣಗಳು ಮೇಲೇರುತ್ತವೆ. ಮೇಲ್ಗಡೆ ನಿಂತಿರುವ ನಾಲ್ಕು ಬಾಣಗಳ ಮೇಲೆ ಅವು ಕೂಡುವ ಕ್ಷಣಕ್ಕೆ ಸರಿಯಾಗಿ ಆ ದಿಕ್ಕಿನ ಚೌಕವನ್ನು ತುಳಿಯಬೇಕು. ಸರಿಹೋದರೆ 'ಪರ್ಫೆಕ್ಟ್', ಕೊಂಚ ಆಚೀಚೆಯಾದರೆ 'ಗ್ರೇಟ್' ಅಥವಾ 'ಗುಡ್', ತೀರಾ ತಪ್ಪಿದರೆ 'ಬೂ', ತುಳಿಯದೇ ಹೋದರೆ 'ಮಿಸ್' ಎಂದು ಯಂತ್ರ ಆಗಿಂದಾಗಲೇ ತೀರ್ಪು ಕೊಡುತ್ತದೆ. ತಪ್ಪು ಮಿತಿಮೀರಿದರೆ ಹಾಡು ಅರ್ಧಕ್ಕೇ ನಿಂತುಹೋಗುತ್ತದೆ. ಹಾಕಿದ ಕಾಸು ಹೋದಂತೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಮಾಲ್ ಒಂದರಲ್ಲಿ ಈ ಲೇಖಕ ಇಂಥದೇ ಯಂತ್ರವೇರಿದಾಗ ಒಂದು ಬಾಣ ಎಷ್ಟು ತುಳಿದರೂ 'ಮಿಸ್' ಎಂದೇ ತೋರಿಸುತ್ತಿತ್ತು. ಹಿಂದೆ ಸರತಿಯಲ್ಲಿದ್ದ ಹುಡುಗರು ನಗುತ್ತಿದ್ದರು. ತಾಳಜ್ಞಾನವಿಲ್ಲದ ಕಾಲು ಎಂದುಕೊಂಡು ಇಳಿದದ್ದಾಯಿತು. ನಂತರ ಹತ್ತಿದವನಿಗೂ ಅದೇ ಬಾಣ ಕೈಕೊಟ್ಟಾಗ ಮಳಿಗೆಯ ಹುಡುಗ ಬಂದು ಆ ಚೌಕಕ್ಕೆ ನಾಲ್ಕು ಏಟು ಬಡಿದ. ಬಾಣ ಕೆಲಸ ಮಾಡತೊಡಗಿತು. ಗಾದೆಯ ಹೆಣ್ಣುಮಗಳ ಮೇಲೆ ಕನಿಕರ ಹುಟ್ಟಿದ್ದು ಅಂದೇ.

ಜೂಕ್‌ಬಾಕ್ಸಿನ ಅಂಗಡಿಯಿಂದ

ಈ ಆಟವನ್ನು ತಂದ ಕೊನಾಮಿ ಕಂಪೆನಿ 1969ರಲ್ಲಿ ಶುರುವಾದದ್ದು ಜೂಕ್‌ಬಾಕ್ಸ್ ಬಾಡಿಗೆಗೆ ಕೊಡುವ, ರಿಪೇರಿ ಮಾಡುವ ವ್ಯಾಪಾರವಾಗಿ. ಕಾಸು ಹಾಕಿದರೆ ಹಾಡು ಕೇಳಿಸುವ ಪೆಟ್ಟಿಗೆಯಿಂದ ಹೊರಟವರು ಕಾಸು ಹಾಕಿದರೆ ಹಾಡಿಗೆ ಕುಣಿಸುವ ಪೆಟ್ಟಿಗೆಗೆ ಬಂದು ಮುಟ್ಟಲು ಸುಮಾರು ಮೂರು ದಶಕ ಹಿಡಿಯಿತು.

ಕಾಲಿನಿಂದ ಆಡುವ ವಿಡಿಯೊ ಗೇಮು ಕೊನಾಮಿಯ ಶೋಧವೇನಲ್ಲ. 1986ರಲ್ಲೇ ಜಪಾನಿನ ಬಂದಾಯ್ ಕಂಪೆನಿ 'ಫ್ಯಾಮಿಲಿ ಟ್ರೇನರ್' ಎಂಬ ಹಾಸನ್ನು ಮಾರುಕಟ್ಟೆಗೆ ತಂದಿತ್ತು. ನಿಂಟೆಂಡೊ ಕಂಪೆನಿ 1988ರಲ್ಲಿ ಅದನ್ನೇ 'ಪವರ್ ಪ್ಯಾಡ್' ಎಂದು ಅಮೆರಿಕದಲ್ಲಿ ಮಾರಿತು. ಹಾಸಿನ ಮೇಲೆ ಓಡಿದರೆ ಪರದೆಯ ಮೇಲಿನ ಓಟಗಾರ ಓಡಬೇಕು. ಜಾಣ ಮಕ್ಕಳು ಮಂಡಿಯೂರಿ ಕೂತು ಎರಡೂ ಕೈಯಿಂದ ಹಾಸನ್ನು ಬಡಿದು ಗೆದ್ದರು! ಹಾಸಿಗೆ ಗೊತ್ತಾಗುತ್ತಿದ್ದುದು ಒತ್ತಡ ಮಾತ್ರ, ಅದು ಕಾಲಿನದೋ ಕೈಯದೋ ಎಂಬುದಲ್ಲ. ಆ ಆಟದಲ್ಲಿ ತಾಳವೂ ಇರಲಿಲ್ಲ.

ತಾಳ ಬಂದದ್ದು ಬೇರೆ ದಾರಿಯಲ್ಲಿ. 1996ರಲ್ಲಿ ಸೋನಿ ಪ್ಲೇಸ್ಟೇಷನ್ನಿಗೆ ಬಂದ 'ಪರಾಪ್ಪ ದ ರ್‍ಯಾಪರ್' ಹಾಡಿನ ಲಯಕ್ಕೆ ಗುಂಡಿ ಒತ್ತುವುದನ್ನೇ ಆಟವಾಗಿಸಿತು. 1997ರ ಕೊನೆಗೆ ಕೊನಾಮಿ 'ಬೀಟ್‌ಮೇನಿಯಾ'ವನ್ನು ತಂದಿತು. ಐದು ಗುಂಡಿಗಳೂ ಒಂದು ತಿರುಗುವ ತಟ್ಟೆಯೂ ಇದ್ದ ಅದರಲ್ಲಿ ಬೆರಳುಗಳಿಗೆ ಕೆಲಸ. ಮರುವರ್ಷ, 1998ರಲ್ಲಿ, ಬೆರಳಿನ ತಾಳ ಕಾಲಿಗಿಳಿಯಿತು. ಜಪಾನಿನ ಆಟದ ಮಳಿಗೆಗಳಲ್ಲಿ 'ಡಾನ್ಸ್ ಡಾನ್ಸ್ ರೆವಲ್ಯೂಷನ್' ಕಾಣಿಸಿಕೊಂಡಿತು. 1999ರಲ್ಲಿ ಮನೆಯಲ್ಲಿ ಆಡುವ ಆವೃತ್ತಿ ಬಂತು, ಯಂತ್ರ ಅಮೆರಿಕ ಮುಟ್ಟಿತು. ಅದೇ ವರ್ಷ ದಕ್ಷಿಣ ಕೊರಿಯದ ಆಂಡಮಿರೊ ಕಂಪೆನಿ ನಾಲ್ಕು ಮೂಲೆ ಮತ್ತು ನಡುವೆ ಒಂದು, ಹೀಗೆ ಐದು ಚೌಕಗಳ 'ಪಂಪ್ ಇಟ್ ಅಪ್' ಆಟವನ್ನು ಹೊರತಂದಿತು.

ಯಶಸ್ಸಿಗೆ ಕಾರಣವೇನು? ಯಂತ್ರದ ರಚನೆಯಲ್ಲೇ ಒಂದು ಗುಟ್ಟಿದೆ. ಆಡುವವರ ಮುಖ ಪರದೆಯ ಕಡೆ, ಬೆನ್ನು ಜನರ ಕಡೆ. ನೋಡುವವರನ್ನು ನೋಡಬೇಕಾದ ಸಂಕೋಚವಿಲ್ಲ. ಮದುವೆಮನೆಯಲ್ಲಿ ಗೋಡೆಗಾತು ನಿಲ್ಲುವ ಸ್ವಭಾವದವರೂ ಕುಣಿಯಬಹುದು, ಏಕೆಂದರೆ ಇದು 'ಆಟ', ಕುಣಿಯುತ್ತಿದ್ದೇನೆಂದು ಒಪ್ಪಿಕೊಳ್ಳಬೇಕಾಗಿಲ್ಲ.

ಕಾಲಿನ ಪಾಠ

ಹೊಸಬರು ಮಾಡುವ ಮೊದಲ ತಪ್ಪು ಎಲ್ಲ ದೇಶಗಳಲ್ಲೂ ಒಂದೇ. ಬಾಣ ತುಳಿದ ಕಾಲನ್ನು ಪ್ರತಿ ಸಲವೂ ನಡುವಿನ ಚೌಕಕ್ಕೆ ವಾಪಸು ತರುತ್ತಾರೆ. ಒಂದು ಹೆಜ್ಜೆಗೆ ಎರಡು ಚಲನೆ ಖರ್ಚು. ಹಾಡು ಸ್ವಲ್ಪ ಚುರುಕಾದರೆ ಹಿಂದೆ ಬೀಳುತ್ತಾರೆ. ತುಳಿದ ಕಾಲು ತುಳಿದಲ್ಲೇ ಇರಲಿ, ಭಾರ ಮಾತ್ರ ಒಂದರಿಂದ ಇನ್ನೊಂದಕ್ಕೆ ಸಾಗಲಿ ಎಂಬುದು ಮೊದಲ ಪಾಠ. ಎಡ ಬಾಣದ ಮೇಲೊಂದು ಪಾದ, ಬಲ ಬಾಣದ ಮೇಲೊಂದು ಪಾದ. ನಡುವಿನ ಚೌಕ ವಿಶ್ರಾಂತಿಯ ಜಾಗವಲ್ಲ.

ಎರಡನೆಯದು, ಒಂದು ಹೆಜ್ಜೆ ಎಡಗಾಲಿನದಾದರೆ ಮುಂದಿನದು ಬಲಗಾಲಿನದಾಗಬೇಕು. ಎಡ, ಹಿಂದೆ, ಬಲ ಎಂದು ಮೂರು ಬಾಣ ಬಂದವು ಎನ್ನೋಣ. ಎಡಕ್ಕೆ ಎಡಗಾಲು, ಹಿಂದಕ್ಕೆ ಬಲಗಾಲು. ಬಲ ಬಾಣಕ್ಕೆ? ಮತ್ತೆ ಎಡಗಾಲೇ. ಅದು ಬಲಗಾಲಿನ ಮುಂದಿನಿಂದ ದಾಟಿ ಹೋಗಬೇಕು, ಸೊಂಟ ಬಲಕ್ಕೆ ತಿರುಗಬೇಕು. ಒದ್ದಾಡಿ ಒಂದೇ ಕಾಲಿನಲ್ಲಿ ಎರಡು ಸಲ ತುಳಿದವನಿಗೂ ಅಂಕ ಸಿಗಬಹುದು. ಆದರೆ ಮೈ ತಿರುಗಿಸಿ ದಾಟಿದವನು ನೋಡುವವರ ಕಣ್ಣಿಗೆ ಮೊದಲ ಬಾರಿಗೆ ಕುಣಿಯುವವನಂತೆ ಕಾಣುತ್ತಾನೆ. ಆಟವನ್ನು ರೂಪಿಸಿದವರ ಜಾಣ್ಮೆ ಇಲ್ಲಿದೆ. ನಿಯಮದಲ್ಲಿ ಎಲ್ಲಿಯೂ 'ಕುಣಿ' ಎಂದಿಲ್ಲ, ಬಾಣಗಳ ಜೋಡಣೆಯೇ ಮೈಯನ್ನು ಕುಣಿಸುತ್ತದೆ.

ಮೂರನೆಯದು ವೇಗ. ಭರತನಾಟ್ಯ ಕಲಿಯುವ ಮಕ್ಕಳು ಒಂದೇ ಅಡವನ್ನು ಮೂರು ಕಾಲಗಳಲ್ಲಿ ಅಭ್ಯಾಸ ಮಾಡುತ್ತಾರಷ್ಟೆ. ಇಲ್ಲಿಯೂ ಲೆಕ್ಕ ಅದೇ. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಪೆಟ್ಟಿಗೊಂದು ಹೆಜ್ಜೆಯಾದರೆ ಸೆಕೆಂಡಿಗೆ 2, ದುಪ್ಪಟ್ಟಾದರೆ 4, ಮತ್ತೆ ದುಪ್ಪಟ್ಟಾದರೆ 8. 2001ರ 'ಡಿಡಿಆರ್ ಮ್ಯಾಕ್ಸ್' ಆವೃತ್ತಿಯಲ್ಲಿ ಬಂದ 'ಮ್ಯಾಕ್ಸ್ 300' ಎಂಬ ಹಾಡಿಗೆ ಹೆಸರೇ ಹೇಳುವಂತೆ ನಿಮಿಷಕ್ಕೆ 300 ಪೆಟ್ಟು. ಅದರ ಕಠಿಣ ಭಾಗಗಳಲ್ಲಿ ಸೆಕೆಂಡಿಗೆ 10 ಹೆಜ್ಜೆ! ಇಂಥ ಕಡೆ ಧಡಧಡ ತುಳಿಯುವವನು ಅರ್ಧ ನಿಮಿಷದಲ್ಲಿ ಸುಸ್ತಾಗುತ್ತಾನೆ. ಮಂಡಿಯನ್ನು ಸ್ವಲ್ಪ ಮಡಿಸಿ, ಅಂಗಾಲಿನ ಮುಂಭಾಗದಿಂದ ಮುಟ್ಟಿದಂತೆ ಒತ್ತುವವನು ದಾಟುತ್ತಾನೆ.

ಅದೇ 2001ರ ಆವೃತ್ತಿ ಬಾಣಗಳ ಓಟವನ್ನು ಹೆಚ್ಚಿಸಿಕೊಳ್ಳುವ ಸೌಲಭ್ಯವನ್ನೂ ಕೊಟ್ಟಿತು. ವೇಗ ಹೆಚ್ಚಿಸಿದರೆ ಕಷ್ಟವಾಗಬೇಕಲ್ಲವೇ? ಆಗುವುದು ತಿರುಗುಮುರುಗು. ಹಾಡಿನ ವೇಗ ಬದಲಾಗುವುದಿಲ್ಲ, ಬಾಣಗಳ ನಡುವಿನ ಅಂತರ ಮಾತ್ರ ಅಗಲವಾಗುತ್ತದೆ. ಒತ್ತೊತ್ತಾಗಿ ಬರೆದ ಕಾಗದವನ್ನು ಬಿಡಿಸಿ ಬರೆದಂತೆ ಓದು ಸಲೀಸಾಗುತ್ತದೆ. ಕಣ್ಣಿನ ಕೆಲಸ ಓದುವುದು; ಯಾವಾಗ ತುಳಿಯಬೇಕೆಂದು ಹೇಳಬೇಕಾದದ್ದು ಕಿವಿ. ಆದ್ದರಿಂದಲೇ ಪಳಗಿದವರಿಗೂ ನಿಧಾನದ ಹಾಡುಗಳು ತಡವರಿಸುವಂತೆ ಮಾಡುತ್ತವೆ. ಅಲ್ಲಿ ಅವಸರಕ್ಕೆ ಅಡಗಲು ಜಾಗವಿಲ್ಲ.

ಆಟಗಾರರಲ್ಲಿ ಬೇಗನೆ ಎರಡು ಪಂಗಡಗಳಾದವು. ಅಂಕವೇ ಮುಖ್ಯವೆನ್ನುವವರು ಹಿಂದಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದು, ಮೈಭಾರವನ್ನು ಅದಕ್ಕೊಪ್ಪಿಸಿ ಕಾಲನ್ನು ಹಗುರ ಮಾಡಿಕೊಂಡರು. ಕುಣಿತವೇ ಮುಖ್ಯವೆನ್ನುವವರು ಸುಲಭದ ಹಾಡನ್ನು ಬಾಯಿಪಾಠ ಮಾಡಿ, ಪರದೆಗೆ ಬೆನ್ನು ತಿರುಗಿಸಿ, ಜನರತ್ತ ಮುಖಮಾಡಿ, ನಡುನಡುವೆ ಕೈಯಿಂದಲೂ ಬಾಣ ಮುಟ್ಟಿ ಕುಣಿದರು. ಯಾರು ಸರಿ ಎಂಬ ಜಗಳ ಇನ್ನೂ ತೀರಿಲ್ಲ. ಯಂತ್ರವಂತೂ ತೀರಿಸಲಾರದು. ಅದಕ್ಕೆ ಕೈಯ ಬೀಸು, ಮುಖದ ಭಾವ ಕಾಣುವುದಿಲ್ಲ; ಗೊತ್ತಾಗುವುದು ಪಾದದ ಒತ್ತಡವೊಂದೇ.

ನೆಲದ ಪಾಠ

ಮನೆಗೆ ತರುವ ಹಾಸುಗಳಲ್ಲಿ ಅಗ್ಗದ್ದು ಮಡಿಸಿಡಬಹುದಾದ ಪ್ಲಾಸ್ಟಿಕ್ ಹಾಸು. ವಿದ್ಯುತ್ ಹರಿಯುವ ಎರಡು ತೆಳು ಪದರಗಳು, ಅವುಗಳ ನಡುವೆ ತೂತುಗಳಿರುವ ಫೋಮು. ತುಳಿದಾಗ ತೂತಿನ ಮೂಲಕ ಪದರಗಳು ಕೂಡುತ್ತವೆ. ಕಷ್ಟವೆಂದರೆ ಅದು ಜಾರುತ್ತದೆ, ಮುದುರುತ್ತದೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಬಾಣ ಒಂದೆಡೆ, ಕಾಲು ಇನ್ನೊಂದೆಡೆ. ಆಟಗಾರರೇ ಕಂಡುಕೊಂಡ ಪರಿಹಾರ, ಹಾಸನ್ನು ಪ್ಲೈವುಡ್ ಹಲಗೆಗೆ ಟೇಪಿನಿಂದ ಬಿಗಿಯುವುದು. ಆಮೇಲೆ ಒಳಗೆ ದಪ್ಪ ಫೋಮು ತುಂಬಿದ ಹಾಸುಗಳು ಬಂದವು. ಅಮೆರಿಕದ ರೆಡ್‌ಆಕ್ಟೇನ್ ಕಂಪೆನಿ ಇಂಥ ಹಾಸುಗಳ ವ್ಯಾಪಾರದಲ್ಲಿ ಹೆಸರು ಮಾಡಿ, ಮುಂದೆ 2005ರಲ್ಲಿ 'ಗಿಟಾರ್ ಹೀರೊ' ಆಟವನ್ನು ಹೊರತಂದು ಜಗತ್ಪ್ರಸಿದ್ಧವಾಯಿತು.

ಮೇಲಿನ ದರ್ಜೆಯದು ಲೋಹದ ಹಲಗೆ. ಜಾರುವುದಿಲ್ಲ, ಬಾಣದ ಅಂಚು ಪಾದಕ್ಕೆ ತಿಳಿಯುತ್ತದೆ. ಅದು ಕೊಳ್ಳಲಾರದವರು ಪ್ಲೈವುಡ್, ತಗಡು, ಫೋಮಿನ ಪಟ್ಟಿ ಮತ್ತು ಹಳೆಯ ಗೇಮ್ ಪ್ಯಾಡೊಂದರ ತಂತಿಗಳಿಂದ ಮನೆಯಲ್ಲೇ ಹಲಗೆ ಮಾಡಿಕೊಂಡರು. 'ಸ್ಟೆಪ್‌ಮೇನಿಯಾ' ಎಂಬ ಉಚಿತ ತಂತ್ರಾಂಶ ಕಂಪ್ಯೂಟರನ್ನೇ ಆಟದ ಯಂತ್ರವಾಗಿಸಿತು. ಈಚೆಗಂತೂ ಎಷ್ಟು ಭಾರ ಬಿದ್ದರೆ ಹೆಜ್ಜೆ ಎಂದು ಗಣಿಸಬೇಕೆಂಬುದನ್ನು ಕಂಪ್ಯೂಟರಿನಲ್ಲಿ ಸಂಖ್ಯೆ ಬರೆದು ತಿದ್ದಬಹುದಾದ ಹಲಗೆಗಳಿವೆ. ಹಗುರ ಮೈಯ ಮಗುವಿಗೂ ಭಾರದ ಅಪ್ಪನಿಗೂ ಒಂದೇ ನೆಲವನ್ನು ಬೇರೆ ಬೇರೆಯಾಗಿ ಹದಗೊಳಿಸಬಹುದು.

ಕಾಣದ ಡೊಂಕು ಇನ್ನೊಂದಿದೆ, ಟಿವಿಯದು. ಹಳೆಯ ಗಾಜಿನ ಕೊಳವೆಯ ಟಿವಿಗಳಲ್ಲಿ ಚಿತ್ರ ತಡವಿಲ್ಲದೆ ಮೂಡುತ್ತಿತ್ತು. ಇಂದಿನ ಚಪ್ಪಟೆ ಟಿವಿಗಳು ಚಿತ್ರವನ್ನು ಚೆಂದಗಾಣಿಸಲು ಸೆಕೆಂಡಿನ ನೂರನೇ ಕೆಲವು ಭಾಗಗಳಷ್ಟು ಹೊತ್ತು ತೆಗೆದುಕೊಳ್ಳುತ್ತವೆ. ಸಿನಿಮಾ ನೋಡುವಾಗ ಇದು ತಿಳಿಯುವುದಿಲ್ಲ. ಆದರೆ ಆಟದ ಅತಿ ಕಟ್ಟುನಿಟ್ಟಿನ ತೀರ್ಪಿಗೆ ಇರುವ ಅವಕಾಶ ಪೆಟ್ಟಿನ ಆಚೀಚೆ ಸೆಕೆಂಡಿನ ಸುಮಾರು 60ನೇ ಒಂದು ಭಾಗ. ಟಿವಿಯ ತಡವೇ ಅದಕ್ಕಿಂತ ಹೆಚ್ಚಾದರೆ ಎಂಥ ತಾಳಜ್ಞಾನಿಯೂ ಸೋಲುತ್ತಾನೆ. ಟಿವಿಯನ್ನು 'ಗೇಮ್ ಮೋಡ್'ಗೆ ಹಾಕಿ, ಆಟದಲ್ಲಿ ಈ ತಡವನ್ನು ಸರಿದೂಗಿಸುವ ಅಳತೆಯಿದ್ದರೆ ಅದನ್ನು ಮೊದಲು ಹೊಂದಿಸಿಕೊಳ್ಳುವುದು ಒಳ್ಳೆಯದು.

ನೆಲ ಯಾರದು?

ಈ ನೆಲಕ್ಕಾಗಿ ವ್ಯಾಜ್ಯವೂ ನಡೆಯಿತು. 2004ರಲ್ಲಿ ಅಮೆರಿಕದ ರಾಕ್ಸರ್ ಗೇಮ್ಸ್ ಸಂಸ್ಥೆ 'ಇನ್ ದ ಗ್ರೂವ್' ಎಂಬ ಹೆಚ್ಚು ಕಠಿಣವಾದ ಆಟವನ್ನು ತಂದು, ಕೊನಾಮಿಯ ಹಳೆಯ ಯಂತ್ರಗಳೊಳಗೇ ಕೂರಿಸಬಹುದಾದ ಸಲಕರಣೆಯನ್ನು ಮಾರತೊಡಗಿತು. ನೆಲ ಒಬ್ಬರದು, ತಾಳ ಇನ್ನೊಬ್ಬರದು! ಕೊನಾಮಿ 2005ರಲ್ಲಿ ಮೊಕದ್ದಮೆ ಹೂಡಿತು. 2006ರಲ್ಲಿ ರಾಜಿಯಾಗಿ 'ಇನ್ ದ ಗ್ರೂವ್' ಹಕ್ಕುಗಳು ಕೊನಾಮಿಯ ಪಾಲಾದವು. ಆ ಆಟದ ಅಭಿಮಾನಿಗಳು ಮಾತ್ರ ಸ್ಟೆಪ್‌ಮೇನಿಯಾದಲ್ಲಿ ಅದೇ ಬಗೆಯ ಹೆಜ್ಜೆಗಳನ್ನು ತಾವೇ ಬರೆದುಕೊಂಡು ಮುಂದುವರಿದರು.

ಅದೇ 2006ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯ ಮಕ್ಕಳ ಬೊಜ್ಜಿನ ಸಮಸ್ಯೆಗೆ ಮದ್ದಾಗಿ ತನ್ನ ಎಲ್ಲ 765 ಸರ್ಕಾರಿ ಶಾಲೆಗಳಲ್ಲಿ ಈ ಆಟವನ್ನು ಇಡುವ ಯೋಜನೆ ಪ್ರಕಟಿಸಿತು. ವಿಡಿಯೊ ಗೇಮು ಮಕ್ಕಳನ್ನು ಕುಳಿತಲ್ಲೇ ಕೂರಿಸುತ್ತದೆ ಎಂದು ದೂರುತ್ತಿದ್ದವರೇ ವಿಡಿಯೊ ಗೇಮನ್ನು ವ್ಯಾಯಾಮದ ತರಗತಿಗೆ ಕರೆದದ್ದು ಆ ಕಾಲದ ಸೋಜಿಗ. ಮೈದಾನದಲ್ಲಿ ತಂಡಕ್ಕೆ ಆರಿಸುವಾಗ ಕೊನೆಯವರೆಗೆ ಉಳಿದುಬಿಡುವ ಮಗುವಿಗೆ ಇಲ್ಲಿ ಯಾರೂ ಆರಿಸಬೇಕಾಗಿಲ್ಲ ಎಂಬುದೇ ದೊಡ್ಡ ಅನುಕೂಲ.

ಕೊಳ್ಳುವವರಿಗೆ ಈ ಚರಿತ್ರೆ ಹೇಳುವುದಿಷ್ಟು: ಶುರುವಿಗೆ ಅಗ್ಗದ ಹಾಸು ಸಾಕು, ಆದರೆ ಅದು ಜಾರದಂತೆ ಬಿಗಿಯಿರಿ. ಅದರ ಮೇಲೆ ಬೂಟು ಬೇಡ, ಬರಿಗಾಲು ಅಥವಾ ಕಾಲುಚೀಲವಿರಲಿ. ಲೋಹದ ಹಲಗೆಗಾದರೆ ತೆಳುವಾದ, ಚಪ್ಪಟೆ ಅಟ್ಟೆಯ ಬೂಟು. ಮಹಡಿ ಮನೆಯಾದರೆ ಅಡಿಯಲ್ಲೊಂದು ರಬ್ಬರ್ ಹಾಸು ಹಾಕಿ. ಕೆಳಗಿನವರ ಶಾಂತಿಯೂ ಮುಖ್ಯ. ಮಂಡಿ ನೋವು ಕಾಣಿಸಿದರೆ ಆ ದಿನಕ್ಕೆ ನಿಲ್ಲಿಸಿ.

2024ರಲ್ಲಿ ಜಪಾನಿನಲ್ಲಿ 'ಡಾನ್ಸ್ ಡಾನ್ಸ್ ರೆವಲ್ಯೂಷನ್ ವರ್ಲ್ಡ್' ಎಂಬ ಹೊಸ ಆವೃತ್ತಿ ಬಂದಿತು. ಇಪ್ಪತ್ತಾರು ವರ್ಷ ಕಳೆದರೂ ಬಾಣಗಳು ಅವೇ ನಾಲ್ಕು.

ಹಾಗಾದರೆ ತಪ್ಪು ಕಾಲಿನದೋ ನೆಲದ್ದೋ ಎಂದು ತಿಳಿಯುವುದು ಹೇಗೆ? ಅನುಭವಿಗಳ ಉಪಾಯ ಸುಲಭವಾದುದು. ಕೈಕೊಟ್ಟ ಬಾಣವನ್ನು ಬಗ್ಗಿ ಅಂಗೈಯಿಂದ ಒತ್ತಿ ನೋಡಿ. ದೀಪ ಹೊತ್ತಿದರೆ ಮತ್ತೆ ಮೊದಲಿನಿಂದ ಹೆಜ್ಜೆ ಕಲಿಯಿರಿ. ಹೊತ್ತದಿದ್ದರೆ ಗಾದೆಗೆ ಅಂಜದೆ ಗಟ್ಟಿಯಾಗಿ ಹೇಳಿ, ನೆಲ ಡೊಂಕು ಎಂದು.