ಜುಬ್ಬರ್‌ಹಟ್ಟಿಯ ಗಿಡ್ಡ ರನ್‌ವೇ

2017ರ ಏಪ್ರಿಲ್ 27. ಅವತ್ತು ನಾನು ಸ್ಟುಡಿಯೋದಲ್ಲಿದ್ದೆ, ಪರದೆ ಮೇಲೆ ಶಿಮ್ಲಾ. ‘ಉಡಾನ್’ ಯೋಜನೆಯ ಮೊದಲ ವಿಮಾನಕ್ಕೆ ಪ್ರಧಾನಿ ನರೇಂದ್ರ ಮೋದಿ ಚಾಲನೆ ಕೊಟ್ಟರು. ಹವಾಯಿ ಚಪ್ಪಲಿ ಹಾಕಿದವನೂ ವಿಮಾನ ಹತ್ತಬೇಕು ಅಂದರು. ನಾನು ದನಿ ಏರಿಸಿ ‘ಐತಿಹಾಸಿಕ ಕ್ಷಣ’ ಅಂದೆ. ನಮ್ಮ ವೃತ್ತಿಯಲ್ಲಿ ವಾರಕ್ಕೆ ನಾಲ್ಕು ಐತಿಹಾಸಿಕ ಕ್ಷಣ ಬರ್ತವೆ, ಬಿಡಿ. ಆದರೆ ಆ ನಿಲ್ದಾಣಕ್ಕೆ ಆಗಲೇ ಮೂವತ್ತು ವರ್ಷದ ಇತಿಹಾಸವಿತ್ತು. ಅದನ್ನು ನಾನು ಹೇಳಲೇ ಇಲ್ಲ. ಗೊತ್ತಿದ್ದರೆ ತಾನೇ ಹೇಳೋದು!

ಶಿಮ್ಲಾಕ್ಕೆ ಹೋಗುವ ದಾರಿ ಯಾವತ್ತೂ ದುಬಾರಿಯೇ. 1864ರಿಂದ ಅದು ಬ್ರಿಟಿಷರ ಬೇಸಿಗೆ ರಾಜಧಾನಿ. ಬಿಸಿಲು ಏರಿದರೆ ಸಾಕು, ಕಲ್ಕತ್ತೆಯಿಂದ ಸರ್ಕಾರವೇ ಕಡತ ಕಟ್ಟಿಕೊಂಡು ಬೆಟ್ಟ ಹತ್ತುತ್ತಿತ್ತು. ಆ ಸಾಹೇಬರಿಗಾಗಿ ಕಾಲ್ಕಾದಿಂದ 96 ಕಿಲೋಮೀಟರ್ ರೈಲು ಹಳಿ ಹಾಕಿದರು, ನೂರಕ್ಕೂ ಹೆಚ್ಚು ಸುರಂಗ ಕೊರೆದರು. ಅದು ಶುರುವಾದದ್ದು 1903ರಲ್ಲಿ. ಪುಟ್ಟ ರೈಲು ಇವತ್ತಿಗೂ ಓಡ್ತಿದೆ.

ವಿಮಾನ ಬಂದದ್ದು 1987ರಲ್ಲಿ. ಊರಿಂದ ಇಪ್ಪತ್ತು ಕಿಲೋಮೀಟರ್ ಆಚೆ, ಜುಬ್ಬರ್‌ಹಟ್ಟಿಯಲ್ಲಿ ಬೆಟ್ಟದ ನೆತ್ತಿ ಸಮತಟ್ಟು ಮಾಡಿ ರನ್‌ವೇ ಹಾಸಿದರು. ಟೇಬಲ್‌ಟಾಪ್ ಅಂದರೆ ಏನು ಅಂತ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಹೋದರು. ಬಜ್ಪೆಯ ಆ ರನ್‌ವೇ ಉದ್ದ 2450 ಮೀಟರ್. ಜುಬ್ಬರ್‌ಹಟ್ಟಿಯದು ಸುಮಾರು 1200. ಅರ್ಧ! ಅದೂ ಸಮುದ್ರಮಟ್ಟದಿಂದ ಒಂದೂವರೆ ಸಾವಿರ ಮೀಟರ್ ಎತ್ತರದಲ್ಲಿ.

ಆ ಎತ್ತರದಲ್ಲಿ ಗಾಳಿ ತೆಳು. ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೂ ಉಸಿರು ಸಾಲದು. ಹಾಗಾಗಿ ಮೇಲೇಳೋಕೆ ವಿಮಾನ ಜಾಸ್ತಿ ದೂರ ಓಡಬೇಕು. ಓಡುವಾಗ ಒಂದು ಎಂಜಿನ್ ಕೈಕೊಟ್ಟರೆ ಬ್ರೇಕ್ ಹಾಕಿ ನಿಲ್ಲೋಕೂ ಜಾಗ ಉಳಿದಿರಬೇಕು. ರನ್‌ವೇ ಉದ್ದ ಮಾಡೋಣ ಅಂದರೆ ಎರಡೂ ತುದಿಯಲ್ಲಿ ಪ್ರಪಾತ. ಉಳಿದದ್ದು ಒಂದೇ ಉಪಾಯ, ಭಾರ ಇಳಿಸು. ಭಾರ ಅಂದರೆ ಮನುಷ್ಯರು. ನಲವತ್ತಕ್ಕೂ ಹೆಚ್ಚು ಸೀಟಿನ ಎಟಿಆರ್ ವಿಮಾನ ದೆಹಲಿಯಿಂದ ಬರುವಾಗಲೇ ಕೆಲವು ಸೀಟು ಖಾಲಿ ಬಿಡಬೇಕು, ಶಿಮ್ಲಾದಿಂದ ಹೊರಡುವಾಗ ಇನ್ನೂ ಹೆಚ್ಚು.

ಖಾಲಿ ಸೀಟಿನ ದುಡ್ಡು ಯಾರು ಕೊಡಬೇಕು? ಈ ನಿಲ್ದಾಣದ ಕಥೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ. ನಮ್ಮ ಬೆಂಗಳೂರಿನ ಕಿಂಗ್‌ಫಿಶರ್ ಕೂಡ ಅಲ್ಲಿಗೆ ಹಾರುತ್ತಿತ್ತು. 2012ರಲ್ಲಿ ಅದೂ ನಿಂತಿತು. ಆ ವರ್ಷ ನಾವು ಮಲ್ಯ ಬಗ್ಗೆ, ಸಂಬಳ ಸಿಗದ ನೌಕರರ ಬಗ್ಗೆ ರಾತ್ರಿಗಟ್ಟಲೆ ಚರ್ಚೆ ಮಾಡಿದೆವು. ಶಿಮ್ಲಾದ ರನ್‌ವೇ ಮೇಲೆ ವಿಮಾನ ಇಳೀತಿಲ್ಲ ಅನ್ನೋದು ನಮಗೆ ಸುದ್ದಿ ಅನ್ನಿಸಲಿಲ್ಲ. ಐದು ವರ್ಷ ಹಾಗೇ ಕಳೆಯಿತು.

ಉಡಾನ್ ಆ ಪ್ರಶ್ನೆಗೆ ಒಂದು ಉತ್ತರ ಕೊಟ್ಟಿತು. ಒಂದು ಗಂಟೆಯ ಹಾರಾಟಕ್ಕೆ ಕೆಲವು ಸೀಟುಗಳ ದರ 2500 ರೂಪಾಯಿ ದಾಟಬಾರದು. ಕಂಪನಿಗೆ ಆಗುವ ನಷ್ಟ ತುಂಬಿಕೊಡೋಕೆ ದೊಡ್ಡ ಮಾರ್ಗದ ವಿಮಾನಗಳ ಮೇಲೆ ಲೆವಿ, ಜೊತೆಗೆ ರಾಜ್ಯ ಸರ್ಕಾರದ ಪಾಲು. ಅಂದರೆ ಬೆಂಗಳೂರಿಂದ ದೆಹಲಿಗೆ ಹಾರುವ ವಿಮಾನವೂ ಶಿಮ್ಲಾದ ಖಾಲಿ ಸೀಟಿಗೆ ಚೂರು ಕಾಸು ಹಾಕ್ತಿತ್ತು. ತಪ್ಪು ಅಂತ ನಾನು ಹೇಳಲ್ಲ. ಕಾಲ್ಕಾ ರೈಲಿಗೂ ಬೆವರು ಸುರಿಸಿದವರು ಬೇರೆ, ಕೂತು ಹೋದವರು ಬೇರೆ. ಆದರೆ ಲೈವ್‌ನಲ್ಲಿ ಚಪ್ಪಲಿ ಮಾತು ಬಂತು, ಲೆವಿ ಮಾತು ಬರಲಿಲ್ಲ. ಅದು ನನ್ನ ತಪ್ಪು.

2020ರ ಲಾಕ್‌ಡೌನ್‌ನಲ್ಲಿ ವಿಮಾನ ಮತ್ತೆ ನಿಂತಿತು. ಎರಡು ವರ್ಷ ದಾಟಿತು. 2022ರ ಸೆಪ್ಟೆಂಬರ್‌ನಲ್ಲಿ ಅಲಯನ್ಸ್ ಏರ್ ಹೊಸ ಮಾದರಿಯ ಎಟಿಆರ್ 42-600 ತಂದು ಮತ್ತೆ ಶುರು ಮಾಡಿತು. ನಮ್ಮಲ್ಲಿ ಅದು ಕೆಳಗಿನ ಪಟ್ಟಿಯಲ್ಲಿ ಓಡಿಹೋದ ಸುದ್ದಿ. ಈ ಸಲ ನಾನು ಡೆಸ್ಕ್‌ನ ಹುಡುಗನನ್ನ ಕರೆದು ಕೇಳಿದೆ, ‘ರನ್‌ವೇ ಏನಾದರೂ ಉದ್ದ ಆಗಿದೆಯೇನಪ್ಪಾ?’

‘ಇಲ್ಲ ಸಾರ್, ಅಷ್ಟೇ ಇದೆ.’