ಬೆಣ್ಣೆಹಣ್ಣಿನ ಕೊಬ್ಬು ಆರೋಗ್ಯಕರವೇ?

ಕೊಡಗು, ಚಿಕ್ಕಮಗಳೂರು ಮತ್ತು ಹಾಸನದ ಕಾಫಿ ತೋಟಗಳಲ್ಲಿ ಹಿಂದೆ ಅಲ್ಲೊಂದು ಇಲ್ಲೊಂದು ಮರವಾಗಿದ್ದ ಬೆಣ್ಣೆಹಣ್ಣು ಅಥವಾ ಅವಕಾಡೊ ಈಗ ಆರೋಗ್ಯದ ಹೆಸರಿನಲ್ಲಿಯೇ ಮಾರಾಟವಾಗುತ್ತಿದೆ. ಇಷ್ಟು ಕೊಬ್ಬಿರುವ ಹಣ್ಣು ಹೃದಯಕ್ಕೆ ಹಿತವೇ ಎಂಬ ಪ್ರಶ್ನೆಗೆ ಬೆಳೆಗಾರರಾದ ತಾವೂ ಉತ್ತರಿಸಬೇಕಾಗುತ್ತದೆ. ಹಿತವೇ ಹೌದು, ಆದರೆ ಹಣ್ಣು ಬಲಿತಿರಬೇಕು, ತಿನ್ನುವ ಕ್ರಮವೂ ಸರಿಯಿರಬೇಕು.

ಎಣ್ಣೆಯಂಶ ಹೆಚ್ಚಿರುವ ಹಾಸ್ ತಳಿಯಂತಹ ಹಣ್ಣಿನ 100 ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಕೊಬ್ಬು, 7 ಗ್ರಾಂ ನಾರು ಹಾಗೂ 160 ಕಿಲೋಕ್ಯಾಲೊರಿ ಶಕ್ತಿ ಇರುತ್ತದೆ. ಈ ಕೊಬ್ಬಿನಲ್ಲಿ ಸುಮಾರು 10 ಗ್ರಾಂ ಏಕ ಅಪರ್ಯಾಪ್ತ ಬಗೆಯದು. ಅದರಲ್ಲಿ ಪ್ರಧಾನವಾದುದು ಆಲಿವ್ ಎಣ್ಣೆಯಲ್ಲಿರುವ ಓಲಿಯಿಕ್ ಆಮ್ಲ. ಪರ್ಯಾಪ್ತ ಕೊಬ್ಬು ಕೇವಲ 2 ಗ್ರಾಂನಷ್ಟು. ಹಸಿ ತೆಂಗಿನಕಾಯಿಯ ತಿರುಳಿನಲ್ಲಿ ಇದೇ ತೂಕಕ್ಕೆ ಸುಮಾರು 33 ಗ್ರಾಂ ಕೊಬ್ಬಿದ್ದು, ಅದರ ಬಹುಪಾಲು ಪರ್ಯಾಪ್ತವೇ ಆಗಿರುತ್ತದೆ. (ತೆಂಗನ್ನು ದೂರುವ ಉದ್ದೇಶ ನಮ್ಮದಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂಬುದಷ್ಟೇ ಮಾತು.) ಬೆಣ್ಣೆ, ವನಸ್ಪತಿಗಳ ಬದಲಿಗೆ ಬಳಸಿದಾಗ ಈ ಹಣ್ಣು ಕೆಟ್ಟ ಕೊಲೆಸ್ಟ್ರಾಲನ್ನು ತಗ್ಗಿಸಲು ನೆರವಾಗುತ್ತದೆ. ಕ್ಯಾರೆಟ್, ಟೊಮೆಟೊ, ಸೊಪ್ಪಿನೊಡನೆ ತಿಂದರೆ ಅವುಗಳ ಕ್ಯಾರೊಟಿನಾಯ್ಡ್‌ಗಳು ದೇಹಕ್ಕೆ ಹೆಚ್ಚು ಒದಗುತ್ತವೆ. ನಿತ್ಯದ ಊಟದ ಮೇಲೆ ಹೆಚ್ಚುವರಿಯಾಗಿ ಸೇವಿಸಿದರೆ ಮಾತ್ರ ತೂಕ ಏರುವುದು ಸಹಜ. ನಾಲ್ಕು ಚಮಚ ಸಕ್ಕರೆ ಬೆರೆಸಿದ ಹಾಲಿನ ಜ್ಯೂಸನ್ನು ಆರೋಗ್ಯ ಪೇಯವೆನ್ನಲು ನಾನಂತೂ ಒಪ್ಪಲಾರೆ. ಪೊಟ್ಯಾಸಿಯಂ ಅಧಿಕವಾಗಿರುವುದರಿಂದ ಮೂತ್ರಪಿಂಡದ ರೋಗಿಗಳು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಮೇಲಿನ ಅಂಕಿಗಳು ಎಲ್ಲ ಹಣ್ಣಿಗೂ ಅನ್ವಯಿಸುವುದಿಲ್ಲ. ಬೀಜದಿಂದ ಬೆಳೆದ ನಮ್ಮ ಮರಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ವೆಸ್ಟ್ ಇಂಡಿಯನ್ ಗುಂಪಿನ ದೊಡ್ಡ ಹಣ್ಣುಗಳಲ್ಲಿ ನೀರು ಹೆಚ್ಚು, ಎಣ್ಣೆ ಕಡಿಮೆ. ಅದಕ್ಕಿಂತ ಮುಖ್ಯವಾದುದು ಕೊಯ್ಲಿನ ಹಂತ. ಕಾಯಿ ಮರದಲ್ಲಿ ಬಲಿಯುತ್ತಾ ಹೋದಂತೆ ನೀರು ಕಡಿಮೆಯಾಗಿ ಎಣ್ಣೆ ಕೂಡುತ್ತದೆ. ಕಿತ್ತ ಮೇಲೆ ಎಣ್ಣೆ ಹೆಚ್ಚುವುದಿಲ್ಲ. ದರ ಏರಿದೆಯೆಂದು ಎಳೆಯದನ್ನು ಕಿತ್ತರೆ ಅದು ಮೆತ್ತಗಾಗುವ ಬದಲು ಸುಕ್ಕುಗಟ್ಟಿ ರಬ್ಬರಿನಂತಾಗುತ್ತದೆ, ಕೊಂಡವರು ಮತ್ತೆ ಆ ಕಡೆ ಸುಳಿಯುವುದಿಲ್ಲ.

ಮರದ ಮೇಲೆ ಈ ಕಾಯಿ ಮೆತ್ತಗಾಗದ ಕಾರಣ ಮುಟ್ಟಿ ನೋಡಿ ತಿಳಿಯಲಾಗದು. ಹಸಿರು ಬಗೆಗಳು ತುಸು ಹಳದಿಗೆ, ನೇರಳೆ ಬಗೆಗಳು ಕಂದುಗೆಂಪಿಗೆ ತಿರುಗುತ್ತವೆ. ಒಂದೆರಡು ಕಾಯಿ ಕೊಯ್ದು ನೋಡಿರಿ: ಬೀಜದ ಸಿಪ್ಪೆ ಹಳದಿ ಮಿಶ್ರಿತ ಬಿಳುಪಿನಿಂದ ಕಡುಕಂದಾಗಿದ್ದರೆ ಕೊಯ್ಲಿಗೆ ಸಿದ್ಧ. ಹಾಸ್ ಬೆಳೆದವರು 100 ಗ್ರಾಂ ತಿರುಳನ್ನು ತೆಳುವಾಗಿ ಹೆಚ್ಚಿ, ತೂಕ ಇನ್ನು ಇಳಿಯದಷ್ಟು ಒಣಗಿಸಿ ತೂಗಬಹುದು. 21 ಗ್ರಾಂಗಿಂತ ಕಡಿಮೆ ಉಳಿದರೆ ಕಾಯುವುದು ಲೇಸು. ಬಲಿತ ಕಾಯಿಗಳು ಕಿತ್ತ 6ರಿಂದ 10 ದಿನಗಳಲ್ಲಿ ಹಣ್ಣಾಗುತ್ತವೆ.

ಮನುಷ್ಯರಿಗೆ ಹಿತವಾದ ಈ ಮರ ಜಾನುವಾರುಗಳಿಗೆ ಹಾಗಲ್ಲ. ಎಲೆ, ತೊಗಟೆ, ಬೀಜಗಳಲ್ಲಿರುವ ಪರ್ಸಿನ್ ಎಂಬ ವಿಷವಸ್ತುವಿನಿಂದ ಹಾಲು ಕರೆಯುವ ಹಸು, ಆಡುಗಳ ಕೆಚ್ಚಲು ಬಾತು ಹಾಲು ಇಳಿಯುತ್ತದೆ; ಹೆಚ್ಚು ತಿಂದರೆ ಹೃದಯಕ್ಕೂ ಹಾನಿ. ಸವರಿದ ರೆಂಬೆಗಳನ್ನಾಗಲಿ ಕೊಳೆತ ಹಣ್ಣುಗಳನ್ನಾಗಲಿ ಕೊಟ್ಟಿಗೆಗೆ ಒಯ್ಯಬೇಡಿರಿ, ಕೋಳಿಗಳಿಗೂ ಹಾಕಬೇಡಿರಿ. ಅವುಗಳನ್ನು ಜಾನುವಾರು ಬಾರದ ಕಡೆ ಗುಂಡಿಯಲ್ಲಿ ಮುಚ್ಚಿ ಗೊಬ್ಬರವಾಗಿಸಿರಿ.