ಸಂಗೊಳ್ಳಿಯ ಶೇತಸನದಿ ಹೊಲಗಳು

ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಗಿರುವ ಸಂಗೊಳ್ಳಿಯು ರಾಯಣ್ಣನ ಹುಟ್ಟೂರೆಂದು ನಾಡಿಗೆಲ್ಲ ಪರಿಚಿತವಾಗಿದ್ದರೂ, ಬ್ರಿಟಿಷರ ವಿರುದ್ಧ ಅವನು ನಡೆಸಿದ ಬಂಡಾಯದ ಬುಡದಲ್ಲಿದ್ದ ಭೂಮಿಯ ಪ್ರಶ್ನೆಯತ್ತ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಕಿತ್ತೂರು ಸಂಸ್ಥಾನದ ಸಾಮಾನ್ಯ ಸೈನಿಕನಿಗೆ ಸಂಬಳವೂ ಮರ್ಯಾದೆಯೂ ಬಹುಮಟ್ಟಿಗೆ ಹೊಲದ ರೂಪದಲ್ಲೇ ದೊರೆಯುತ್ತಿದ್ದವು. ಆದಕಾರಣ 1829-30ರ ದಂಗೆಯನ್ನು ಕಿತ್ತೂರಿನ ರಾಣಿ ಚೆನ್ನಮ್ಮನ ಮೇಲಿನ ನಿಷ್ಠೆಯೊಂದರಿಂದಲೇ ವಿವರಿಸಹೊರಟರೆ ಇತಿಹಾಸದ ಅರ್ಧ ಭಾಗ ಕೈಬಿಟ್ಟುಹೋಗುತ್ತದೆ.

ಕಾದಿದವನಿಗೆ ಭೂಮಿ ಕೊಡುವ ಪದ್ಧತಿ ಕನ್ನಡನಾಡಿನಲ್ಲಿ ಬಹಳ ಹಳೆಯದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗನು ಆತಕೂರು-ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ‘ಬಾಳ್ಗಚ್ಚು’ ಎಂದು, ಅಂದರೆ ಕತ್ತಿ ತೊಳೆದು ಕೊಡುವ ಕೊಡುಗೆಯಾಗಿ, ಇತ್ತನೆಂದು ಸು. 949-50ರ ಆತಕೂರು ಶಾಸನ ಹೇಳುತ್ತದೆ. ಹೋರಾಡಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿಗೆ ಶಾಸನಗಳಲ್ಲಿ ‘ನೆತ್ತರುಗೊಡಗೆ’ ಎಂಬ ಹೆಸರಿದ್ದರೆ, ಕಿತ್ತೂರು ಸೀಮೆಯಲ್ಲಿ ಅದೇ ಬಗೆಯ ಭೂಮಿ ‘ರಕ್ತಮಾನ್ಯ’ವೆನಿಸಿತು, ರಾಯಣ್ಣನ ಮನೆತನಕ್ಕೂ ಹಿರಿಯರ ಶೌರ್ಯಕ್ಕಾಗಿ ಇಂಥ ಹೊಲ ದೊರೆತಿತ್ತೆಂಬ ಮಾತು ಜನರಲ್ಲಿ ಉಳಿದುಬಂದಿದೆ. ರಾಯಣ್ಣನಾದರೋ ಶೇತಸನದಿ. ಸನದು, ಅಂದರೆ ರಾಜಮುದ್ರೆಯ ಪತ್ರ, ಪಡೆದು ಹೊಲವನ್ನು ಅನುಭವಿಸುತ್ತ, ಅದಕ್ಕೆ ಪ್ರತಿಯಾಗಿ ಸೇವೆ ಸಲ್ಲಿಸುವವನೇ ಶೇತಸನದಿ. ಮಳೆಗಾಲದಲ್ಲಿ ಅವನು ಒಕ್ಕಲಿಗ; ಕರೆ ಬಂದಾಗ ಕತ್ತಿ ಹಿಡಿದು ಹೊರಡುವ ಸಿಪಾಯಿ; ಉಳಿದ ದಿನಗಳಲ್ಲಿ ಊರ ಕಾವಲು, ಕಂದಾಯದ ಹಣವನ್ನು ಖಜಾನೆಗೆ ಮುಟ್ಟಿಸುವವರ ಬೆಂಗಾವಲು ಮುಂತಾದ ಕೆಲಸಗಳಲ್ಲಿ ತೊಡಗಿರುವವನು. ಹೊಲ ಹೋಯಿತೆಂದರೆ ಇಂಥವನ ಅನ್ನವಷ್ಟೇ ಅಲ್ಲ, ಊರಿನಲ್ಲಿ ಅವನಿಗಿದ್ದ ಸ್ಥಾನವೂ ಹೋದಂತೆಯೇ.

1824ರ ಅಕ್ಟೋಬರ್ 23ರಂದು ಈಸ್ಟ್ ಇಂಡಿಯಾ ಕಂಪನಿಯ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಹತನಾದನು. ಡಿಸೆಂಬರಿನಲ್ಲಿ ಕೋಟೆ ಬಿದ್ದು, ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಳಾದಳು. ಸೇವೆ ಪಡೆಯುತ್ತಿದ್ದ ಸಂಸ್ಥಾನವೇ ಅಳಿದ ಮೇಲೆ ಸೇವೆಯ ಭೂಮಿಗೆ ಅರ್ಥವೇನೆಂಬುದು ಕಂಪನಿಯ ಕಂದಾಯದ ಲೆಕ್ಕಾಚಾರವಾಗಿತ್ತು. ಕೆಲವು ಹೊಲಗಳನ್ನು ಸರ್ಕಾರ ವಶಪಡಿಸಿಕೊಂಡಿತು, ಉಳಿದವುಗಳ ಮೇಲೆ ಕಂದಾಯ ಏರಿಸಿತು. ರಾಯಣ್ಣನ ಭೂಮಿಯೂ ಇದಕ್ಕೆ ಹೊರತಾಗಲಿಲ್ಲ. ಕಂದಾಯದ ವಸೂಲಿಗಾಗಿ ಊರ ಕುಲಕರ್ಣಿ ತಾಯಿ ಕೆಂಚವ್ವನ ಬೆನ್ನ ಮೇಲೆ ಕಲ್ಲು ಹೇರಿಸಿದನೆಂದು ಜನಪದರು ಹೇಳುತ್ತ ಬಂದಿದ್ದಾರೆ. ಅದರ ವಿವರಗಳು ಏನೇ ಇರಲಿ, ದಂಗೆಗೆ ಹೊಲವೇ ಕಾರಣವೆಂಬುದನ್ನು ಆ ನೆನಪು ಮರೆತಿಲ್ಲವೆಂಬುದು ಮುಖ್ಯ.

1829ರ ಫೆಬ್ರುವರಿಯಲ್ಲಿ ಚೆನ್ನಮ್ಮ ತೀರಿಕೊಂಡ ಮೇಲೆ, ದತ್ತುಪುತ್ರ ಶಿವಲಿಂಗಪ್ಪನನ್ನು ಗಾದಿಗೇರಿಸುವ ಉದ್ದೇಶದಿಂದ ರಾಯಣ್ಣ ಪಡೆ ಕಟ್ಟಿದನು. ಸನದು ಕಳೆದುಕೊಂಡವರು ಅವನೊಡನೆ ನಿಂತರು. 1830ರ ಆರಂಭದಲ್ಲಿ ಈ ಪಡೆ ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿಯಿಟ್ಟು, ಖಾನಾಪುರ, ನಂದಗಡ, ಸಂಪಗಾವಿಗಳತ್ತ ನುಗ್ಗಿತು. ಕಚೇರಿಯೆಂದರೆ ಭೂಮಿ ಯಾರದು, ಕಂದಾಯವೆಷ್ಟು ಎಂಬುದನ್ನು ಬರೆದಿಡುತ್ತಿದ್ದ ದಫ್ತರಗಳ ಮನೆ. ಅದು ಮೊದಲ ಗುರಿಗಳಲ್ಲೊಂದಾದದ್ದು ಆಕಸ್ಮಿಕವೆಂದು ತೋರುವುದಿಲ್ಲ. ಅದೇ ವರ್ಷದ ಏಪ್ರಿಲಿನಲ್ಲಿ ರಾಯಣ್ಣ ಸೆರೆಸಿಕ್ಕನು, ಮತ್ತು 1831ರಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಶೇತಸನದಿಯ ಹುದ್ದೆ ಮಾತ್ರ ಅಷ್ಟಕ್ಕೇ ಮುಗಿಯಲಿಲ್ಲ. ಯುದ್ಧದ ಕರ್ತವ್ಯ ಕಳಚಿದ ಮೇಲೂ ಮುಂಬಯಿ ಸರ್ಕಾರದ ಅಡಿಯಲ್ಲಿ ಊರ ಕಾವಲಿನ ಕೆಲಸವಾಗಿ ಅದು ಉಳಿಯಿತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು, ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ಕೊನೆಗೊಳಿಸಿತು. ಅವುಗಳಿಗೆ ಅಂಟಿದ್ದ ಭೂಮಿ ಸರ್ಕಾರಕ್ಕೆ ಸೇರಿ, ಹಿಡುವಳಿದಾರರಿಗೆ ಮರುಮಂಜೂರಾಗುವ ವ್ಯವಸ್ಥೆ ಬಂದಿತು. ಸಂಗೊಳ್ಳಿಯಲ್ಲಿ ಈಗ ರಾಯಣ್ಣನ ಹೆಸರಿನ ಸೈನಿಕ ಶಾಲೆಯಿದೆ. ಅವನ ಜೊತೆಗಾರರ ಹೊಲಗಳ ಚರಿತ್ರೆ ಇನ್ನೂ ಬರೆಯಬೇಕಾದದ್ದಾಗಿದೆ. ಬೈಲಹೊಂಗಲ, ಖಾನಾಪುರ, ಕಿತ್ತೂರು ಸೀಮೆಗಳ ಹಳೆಯ ಮನೆಗಳಲ್ಲಿ ಸನದುಗಳೋ ಕಂದಾಯದ ಪಾವತಿಗಳೋ ಇದ್ದರೆ, ಹುಳು ಹಿಡಿಯುವ ಮುನ್ನ ಅವುಗಳ ಪ್ರತಿಯನ್ನಾದರೂ ರಾಜ್ಯ ಪತ್ರಾಗಾರಕ್ಕೆ ಮುಟ್ಟಿಸಬೇಕು.